ಸೋರುವುದು ಸಂದಿನಲ್ಲಿ: ಹಂಚಿನವರು, ಶೀಟಿನವರು, ಕಿಟಕಿಯವರು

ಮಾಡಿಗೆ ಹಂಚೋ ತಗಡಿನ ಶೀಟೋ, ಕಿಟಕಿಗೆ ಯುಪಿವಿಸಿಯೋ (ಒಂದು ಥರ ಗಟ್ಟಿ ಪ್ಲಾಸ್ಟಿಕ್) ಅಲ್ಯುಮಿನಿಯಮ್ಮೋ ಅಂತ ಎಲ್ಲರೂ ಕೇಳುತ್ತಾರೆ. ಯಾರ ಕೈಲಿ ಮಾಡಿಸಿದಿರಿ, ಏನು ಮಾತಾಡಿಕೊಂಡು ಮಾಡಿಸಿದಿರಿ ಅಂತ ಕೇಳುವವರು ಕಡಿಮೆ. ನಮ್ಮ ಮನೆಯ ಮಟ್ಟಿಗಂತೂ ಎರಡನೇ ಪ್ರಶ್ನೆಯೇ ದೊಡ್ಡದು.

ತೀರ್ಥಹಳ್ಳಿ ತಾಲೂಕಿನ ಮನೆ ನಮ್ಮದು. ಹಿಂಭಾಗ ಮಾವನವರ ಅಪ್ಪ ಕಟ್ಟಿಸಿದ ಮಂಗಳೂರು ಹಂಚಿನ ಮನೆ, ಮುಂದೆ ಮಾವ ಸೇರಿಸಿದ ಆರ್‌ಸಿಸಿ, ಪಕ್ಕಕ್ಕೆ ಅಡಿಕೆ ಸುಲಿಯುವ ಕೊಟ್ಟಿಗೆ. ಈ ಮೂರಕ್ಕೂ ಬೇರೆ ಬೇರೆ ಜನ, ಬೇರೆ ಬೇರೆ ಲೆಕ್ಕ. ಹಂಚಿನ ಭಾಗಕ್ಕೆ ದಿನಗೂಲಿಯವರು ಬಂದರು. ಟೆರೇಸಿನ ಮೇಲೆ ಶೀಟ್ ಹಾಕಲು ಶಿವಮೊಗ್ಗದ ಒಬ್ಬ ಕಾಂಟ್ರಾಕ್ಟರ್, ಮೆಟೀರಿಯಲ್ ಸಮೇತ ಚದರ ಅಡಿಗೆ ಇಷ್ಟು ಅಂತ. ಕೊಟ್ಟಿಗೆಯನ್ನು ಊರಿನ ವೆಲ್ಡಿಂಗ್ ಅಂಗಡಿಯ ಹುಡುಗನಿಗೆ ಕೊಟ್ಟೆವು, ಸಾಮಾನು ನಮ್ಮದು, ಕೂಲಿ ಅವನದು. ಕಿಟಕಿಗಳಲ್ಲೂ ಮೂರು ಥರ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ದಿನಗೂಲಿ ಅಂದ ಕೂಡಲೇ ನೆಂಟರೆಲ್ಲ ಹೆದರಿಸಿದ್ದರು. ಕೆಲಸ ಎಳೀತಾರೆ, ಎರಡು ಹೊತ್ತು ಕಾಫಿ, ಮಧ್ಯಾಹ್ನ ಊಟ, ಎದುರಿಗೆ ಕೂತರೆ ಮಾತ್ರ ಕೈ ಓಡುತ್ತೆ ಅಂತ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಹಂಚಿನ ಮಾಡು ಬಿಚ್ಚುವವರೆಗೆ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದು ಚದರಕ್ಕೆ, ಅಂದರೆ ನೂರು ಚದರ ಅಡಿಗೆ, 140–150 ಹಂಚು ಬೇಕು. ಒಂದೊಂದು ಎರಡೂವರೆ ಕೆಜಿ ಅಂತ ಹಿಡಿದರೂ ಚದರಕ್ಕೆ ಮೂರೂವರೆ ಕ್ವಿಂಟಾಲ್ ಭಾರ ರೀಪು (ಹಂಚು ಕೂರುವ ಮರದ ಪಟ್ಟಿ), ಅದನ್ನು ಹೊರುವ ಪಕಾಸುಗಳ ಮೇಲೆ ಕೂತಿರುತ್ತೆ. ಒರಲೆ ತಿಂದ ರೀಪು ಕಂಡರೆ ಚದರ ಅಡಿ ಲೆಕ್ಕದವನಿಗೆ ಅದು ನಷ್ಟ, ಮೇಲೆ ಹಂಚು ಹೊದಿಸಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ದಿನಗೂಲಿಯವನಿಗೆ ಅದನ್ನು ಮುಚ್ಚಿಡುವುದರಿಂದ ಲಾಭವೇ ಇಲ್ಲ. ನಮ್ಮ ಮೇಸ್ತ್ರಿ ಕೆಟ್ಟ ರೀಪುಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ಇಟ್ಟು, “ಅಮ್ಮ, ನೀವೇ ಬಂದು ಉಗುರಲ್ಲಿ ಒತ್ತಿ ನೋಡಿ” ಅಂದರು. ಒತ್ತಿದೆ. ಉಗುರು ಒಳಗೆ ಇಳಿಯಿತು.

ಆ ಮೇಸ್ತ್ರಿಯ ಕೆಲಸ ನೋಡುವಂಥದ್ದು. ಇಳಿಸಿದ ಪ್ರತಿ ಹಂಚನ್ನೂ ಎಡಗೈಲಿ ತೂಗಿ ಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ಒಂದು ಬಡಿಯುತ್ತಿದ್ದರು. ಟಣ್ ಅಂದರೆ ಒಂದು ರಾಶಿ, ದಪ್ ಅಂದರೆ ಇನ್ನೊಂದು ರಾಶಿ. ದಪ್ ಅಂದಿದ್ದರಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತಂತೆ, ಇಲ್ಲವೇ ಸರಿಯಾಗಿ ಬೆಂದಿರುವುದಿಲ್ಲ, ನೀರು ಕುಡಿಯುತ್ತೆ. ಕಡಿಮೆ ಬಿದ್ದ ಹಂಚಿಗೆ ಹೊಸದು ತರೋಣ ಅಂದರೆ ಬೇಡವೇ ಬೇಡ ಅಂದರು. ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಮೇಲೆ ಕರಾವಳಿ ಉದ್ದಕ್ಕೂ ಹಂಚಿನ ಕಾರ್ಖಾನೆಗಳು ಎದ್ದವು, ನೋಡಲು ಎಲ್ಲವೂ ಒಂದೇ ಹಂಚು. ಆದರೆ ಒಂದು ಕಾರ್ಖಾನೆಯ ಹಂಚಿನ ಕಚ್ಚು, ಅಂದರೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚು, ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಕೂದಲೆಳೆ ಸಂದು ಉಳಿದರೂ ಗಾಳಿ ಜೊತೆ ಬರುವ ಮಳೆಗೆ ಅಷ್ಟು ಸಾಕು. ಕೊನೆಗೆ ಕೊಪ್ಪದ ಕಡೆ ಬಿಚ್ಚುತ್ತಿದ್ದ ಹಳೇ ಮನೆಯೊಂದರಿಂದ, ಬೆನ್ನ ಮೇಲೆ ಅದೇ ಕಾರ್ಖಾನೆಯ ಅಚ್ಚು ಇರುವ ಹಂಚು ಹುಡುಕಿ ತಂದೆವು. ಹೊಸದಕ್ಕಿಂತ ಅಗ್ಗಕ್ಕೇ ಸಿಕ್ಕಿತು.

ಖರ್ಚು? ಅಂದಾಜಿಗಿಂತ ಹೆಚ್ಚೇ ಆಯಿತು. ದಿನಗೂಲಿಯಲ್ಲಿ ಅಂದಾಜು ಅನ್ನುವುದೇ ಒಂದು ಸಮಾಧಾನದ ಮಾತು. ಮಂಗಗಳ ಕಾಟಕ್ಕೆ ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವ ಖರ್ಚು ತಪ್ಪಿದ್ದಲ್ಲ. ನಮ್ಮ ಕಡೆ ಹಂಚು ಇಳಿಸಿ ಶೀಟಿಗೆ ಹೋದ ಮನೆಗಳಲ್ಲಿ ಅರ್ಧಕ್ಕರ್ಧ ಮಂಗಗಳಿಂದಲೇ ಹೋದವು. ಆದರೂ ಆ ಭಾಗ ಇವತ್ತಿಗೂ ಸೋರಿಲ್ಲ.

ಈಗ ಟೆರೇಸಿನ ಕಾಂಟ್ರಾಕ್ಟರ್. ಚೊಕ್ಕ ಮನುಷ್ಯ, ಹೇಳಿದ ದಿನ ಬಂದ, ಹೇಳಿದ ದಿನ ಮುಗಿಸಿದ. ವಾರದೊಳಗೆ ಟ್ರಸ್ (ಶೀಟು ಹೊರುವ ಕಬ್ಬಿಣದ ಚೌಕಟ್ಟು) ನಿಂತು ಶೀಟ್ ಹೊದಿಸಿ ಆಗಿತ್ತು. ದಿನಗೂಲಿಯವರು ಅಷ್ಟು ಹೊತ್ತಿಗೆ ಇನ್ನೂ ರೀಪು ಎಣಿಸುತ್ತಿದ್ದರು. ಎಲ್ಲ ಮಾತೂ ನಮ್ಮವರ ಹತ್ತಿರವೇ, ನಾನು ಏನಾದರೂ ಕೇಳಿದರೆ “ಸಾರ್‌ಗೆ ಹೇಳಿದೀನಿ ಮೇಡಂ” ಅನ್ನುತ್ತಿದ್ದ. ಸಾರ್‌ಗೆ ಅವನು ಹೇಳಿದ್ದು ಕೊಟೇಶನ್ನಿನಲ್ಲಿದ್ದ ಒಂದೇ ಸಾಲು: ರೂಫಿಂಗ್, ಚದರ ಅಡಿಗೆ 190 ರೂಪಾಯಿ.

ಆ ಒಂದು ಸಾಲಿನೊಳಗೆ ಏನೆಲ್ಲ ಅಡಗಿತ್ತು ಅಂತ ಬಿಲ್ ಬಂದಾಗ ಗೊತ್ತಾಯಿತು. ಅಳತೆ ನೆಲದ್ದಲ್ಲ, ಇಳಿಜಾರಿನ ಮೇಲಿನದು, ಸುತ್ತ ಚಾಚಿಕೊಂಡ ಸೂರನ್ನೂ ಸೇರಿಸಿ. ಇದು ಮೋಸವಲ್ಲ, ಶೀಟ್ ಹೋಗಿದ್ದು ಅಷ್ಟಕ್ಕೇ. ಆದರೆ ಟೆರೇಸಿನ ಅಳತೆ ಹಿಡಿದು ದುಡ್ಡು ಹೊಂದಿಸಿದವರಿಗೆ ಕಣ್ಣು ಕತ್ತಲೆ ಬರುತ್ತೆ. ಶೀಟ್ 0.50 ಎಂಎಂ ಅಂತ ಬಾಯಲ್ಲಿ ಹೇಳಿದ್ದ. ಆ 0.50 ಬಣ್ಣ, ಲೇಪನ ಎಲ್ಲ ಸೇರಿಸಿಯೋ, ಬರೀ ಉಕ್ಕಿನ ದಪ್ಪವೋ ಅನ್ನುವುದು ಬಿಲ್ಲಿನಲ್ಲಿಲ್ಲ. ಬರೀ ಉಕ್ಕು 0.50 ಎಂಎಂ ಇದ್ದರೆ ಒಂದು ಚದರ ಮೀಟರ್ ತಗಡು 3.9 ಕೆಜಿ ತೂಗಬೇಕು. ಶೀಟ್ ಮೇಲೆ ಹತ್ತಿಸುವ ಮೊದಲು ಒಂದನ್ನು ತಕ್ಕಡಿಗೆ ಹಾಕಿದರೆ ವಾದವೇ ಇರುವುದಿಲ್ಲ. ಅಳೆಯುವಾಗ ಶೀಟಿನ ಉಬ್ಬುತಗ್ಗು ಬಿಡಿಸಿದ ಅಗಲ ಹಿಡಿಯಬೇಕು, ಹೊದಿಸಿದ ಮೇಲಿನ ಅಗಲವಲ್ಲ.

ಆರಿದ್ರಾ ಮಳೆ ಹಿಡಿದ ಮೇಲೆ ಎರಡು ಕಡೆ ನೀರು ಬಂತು. ಒಂದು, ಟ್ರಸ್ಸಿನ ಕಂಬದ ಬುಡದಲ್ಲಿ. ಬೇಸ್ ಪ್ಲೇಟನ್ನು, ಅಂದರೆ ಕಂಬದ ಅಡಿಯ ಕಬ್ಬಿಣದ ತಟ್ಟೆಯನ್ನು, ನೇರ ಸ್ಲ್ಯಾಬಿಗೇ ಇಟ್ಟು ಡ್ರಿಲ್ ಹೊಡೆದು ಆಂಕರ್ ಬೋಲ್ಟ್ ಕೂರಿಸಿದ್ದರು. ಸುತ್ತಲಿಂದ ಬೀಸಿದ ಎರಚಲು ಟೆರೇಸಿನಲ್ಲಿ ನಿಂತು ಆ ತೂತುಗಳಿಂದಲೇ ಕೆಳಗಿನ ಕೋಣೆಗೆ ಇಳಿಯಿತು. ಸೋರಿಕೆ ತಡೆಯಲು ಹಾಕಿಸಿದ ಶೀಟೇ ಸ್ಲ್ಯಾಬಿಗೆ ತೂತು ಕೊಟ್ಟ ಹಾಗಾಯಿತು. ಮೊದಲು ಅರ್ಧ ಅಡಿ ಎತ್ತರದ ಸಣ್ಣ ಕಾಂಕ್ರೀಟ್ ಕಟ್ಟೆ ಹಾಕಿ ಅದರ ಮೇಲೆ ಪ್ಲೇಟ್ ಕೂರಿಸಿದ್ದರೆ ಆಗುತ್ತಿತ್ತು. ಎರಡನೆಯದು, ಹೊಸ ಶೀಟ್ ಹಳೇ ಹಂಚಿಗೆ ಕೂಡುವ ಜಾಗ. ಅಲ್ಲಿ ಧಾರೆಯೇ. ಫೋನ್ ಮಾಡಿದರೆ “ಹಂಚಿನ ಕಡೆದು ನಮ್ಮ ಸ್ಕೋಪಲ್ಲಿ ಬರಲ್ಲ ಮೇಡಂ” ಅಂದ. (ಸೋರಲು ಶುರುವಾದ ಮೇಲೆ ನಾನೂ ಮಾತಾಡಬಹುದಾದ ವ್ಯಕ್ತಿಯಾಗಿದ್ದೆ.) ಒಬ್ಬ ಹುಡುಗನ ಕೈಲಿ ಸಿಲಿಕೋನ್ ಟ್ಯೂಬ್ ಕೊಟ್ಟು ಕಳಿಸಿದ. ಒದ್ದೆ ತಗಡಿಗೆ ಸಿಲಿಕೋನ್ ಹಿಡಿಯುವುದಿಲ್ಲ ಅಂತ ಆ ಹುಡುಗನೇ ಹೇಳಿ ವಾಪಸ್ ಹೋದ.

ಕೊಟ್ಟಿಗೆಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಪೈಪು, ಶೀಟು, ಸ್ಕ್ರೂ ಎಲ್ಲ ನಾವೇ ಜಿಎಸ್‌ಟಿ ಬಿಲ್ ಹಾಕಿಸಿ ತಂದೆವು. ಬಿಲ್ ಬೇಡ ಅಂದರೆ 18 ಪರ್ಸೆಂಟ್ ಉಳಿಯುತ್ತೆ ಅಂತ ಅಂಗಡಿಯವರೇ ಆಸೆ ತೋರಿಸುತ್ತಾರೆ. ಬಿಲ್ ಇಲ್ಲದೆ ಶೀಟಿನ ವಾರಂಟಿ ಕೇಳಲು ಹೋಗುವುದು ಹೇಗೆ? ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೂ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು. ಆದರೆ ಕೈಲಿ ಕಾಗದ ಬೇಕಲ್ಲ. ಪೈಪನ್ನು ತೂಕ ಹಾಕಿಸಿದೆವು: ಎರಡಿಂಚು ಚೌಕದ, 2 ಎಂಎಂ ದಪ್ಪದ ಆರು ಮೀಟರ್ ಪೈಪ್ ಸುಮಾರು 18 ಕೆಜಿ ಬರುತ್ತೆ, 1.6 ಎಂಎಂ ಆದರೆ ಹದಿನಾಲ್ಕೂವರೆ. ಕಣ್ಣಿಗೆ ಎರಡೂ ಒಂದೇ. ಬಣ್ಣ ಹೊಡೆದ ಮೇಲಂತೂ ದೇವರೇ ಬಂದರೂ ಹೇಳಲಾರ.

ವೆಲ್ಡಿಂಗ್ ಹುಡುಗ ಕೆಲಸದಲ್ಲಿ ಚುರುಕು, ಬರುವುದರಲ್ಲಿ ಸೋಮಾರಿ. ಮಧ್ಯೆ ಯಾರದೋ ಗೇಟು, ಯಾರದೋ ಟ್ರಾಲಿ ಅಂತ ಮಾಯವಾಗುತ್ತಿದ್ದ, ಮಳೆ ಹತ್ತಿರ ಬಂತು ಅಂತ ನಮಗೇ ಎದೆ ಬಡಿತ. ಉಳಿದ ತುಂಡು ಪೈಪು, ಹೆಚ್ಚಾದ ಸ್ಕ್ರೂ, ಗೂಡ್ಸ್ ಆಟೋ ಬಾಡಿಗೆ ಎಲ್ಲ ನಮ್ಮ ತಲೆಗೇ. ಕೂಡಿ ಕಳೆದರೆ ಚದರ ಅಡಿಯವನಿಗಿಂತ ಹತ್ತು ಪರ್ಸೆಂಟ್ ಕಡಿಮೆ ಆಗಿರಬಹುದು, ಅದಕ್ಕಿಂತ ಹೆಚ್ಚಿಲ್ಲ. ಉಳಿತಾಯಕ್ಕಾಗಿ ಈ ದಾರಿ ಹಿಡಿಯುವವರು ನಿರಾಶರಾಗುತ್ತಾರೆ.

ಆದರೆ ಇವನ ಹತ್ತಿರ ಎರಡು ಮಾತು ನಡೆದವು. ಶೀಟನ್ನು ಗ್ರೈಂಡರಿನಲ್ಲಿ ಕೊಯ್ಯಬೇಡ ಅಂದಾಗ ಒಪ್ಪಿದ. ಗ್ರೈಂಡರ್ ಕಿಡಿಗೆ ಅಂಚಿನ ಲೇಪನ ಸುಡುತ್ತೆ, ಹಾರಿದ ಕಬ್ಬಿಣದ ಪುಡಿ ಶೀಟ್ ಮೇಲೆ ಕೂತು ಒಂದೇ ಮಳೆಗಾಲಕ್ಕೆ ತುಕ್ಕಿನ ಚುಕ್ಕೆ ಬೀಳುತ್ತೆ. ತಗಡಿನ ಕತ್ತರಿ ತಂದು ಕೊಯ್ದ. ಸ್ಕ್ರೂಗಳನ್ನು ಶೀಟಿನ ಉಬ್ಬಿನ ಮೇಲೇ ಹೊಡೆದ, ನೀರು ಹರಿಯುವ ತಗ್ಗಿನಲ್ಲಲ್ಲ. ರಬ್ಬರ್ ವಾಷರ್ ಪಿಚ್ಚೆಂದು ಹೊರಗೆ ಬರುವಷ್ಟು ಬಿಗಿದರೆ ಅದೂ ಸೋರುತ್ತೆ ಅಂತ ಹೇಳಿಕೊಟ್ಟಿದ್ದು ಅವನೇ. ಎರಡನೇ ಮಾತು ದುಡ್ಡಿನದು: ಕೂಲಿಯಲ್ಲಿ ಹತ್ತು ಪರ್ಸೆಂಟ್ ಪುನರ್ವಸು ಮಳೆ ಮುಗಿದ ಮೇಲೆ. “ಆಯ್ತಕ್ಕ, ಪುಷ್ಯ ಹುಟ್ಟಿದ ದಿನ ಬರ್ತೀನಿ” ಅಂದ. ಇದೇ ಷರತ್ತನ್ನು ಚದರ ಅಡಿಯವನಿಗೆ ಹೇಳಿದಾಗ ಕಂಪನಿ ಪಾಲಿಸಿಯಲ್ಲಿ ಇಲ್ಲ ಅಂದಿದ್ದ.

ಮಳೆ ಬಡಿಯುವ ಪಡುಗೋಡೆಯ ವಿಷಯ ಬೇಗ ಮುಗಿಸುತ್ತೇನೆ. ಮೊದಲೆಲ್ಲ ಮಳೆಗಾಲದ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದೆವು. ಕೆಲಸ ಚೆನ್ನ, ಗೋಡೆ ಉಸಿರಾಡುತ್ತೆ, ಆದರೆ ಕಟ್ಟುವವರು ಸಿಗುವುದಿಲ್ಲ, ಪ್ರತಿ ವರ್ಷ ಹೊಸದು ಆಗಬೇಕು. ಅದೇ ವೆಲ್ಡಿಂಗ್ ಹುಡುಗನ ಕೈಲಿ ಕಲರ್ ಶೀಟ್ ಹೊಡೆಸಿದೆವು. ಗೋಡೆಗೂ ಶೀಟಿಗೂ ಮಧ್ಯೆ ಪೈಪ್ ಕೊಟ್ಟು ಎರಡಿಂಚು ಜಾಗ ಬಿಟ್ಟು, ಕೆಳಗೆ ಮೇಲೆ ಗಾಳಿ ಆಡಲು ತೆರೆದಿಟ್ಟ ಕಡೆ ಗೋಡೆ ಒಣಗಿದೆ. ನಾದಿನಿಯ ಮನೆಯಲ್ಲಿ ಬೇರೆಯವರು ಗೋಡೆಗೇ ಅಂಟಿಸಿ ಹೊಡೆದು ಹೋದರು, ಒಳಗೋಡೆಗೆ ಹಾವಸೆ ಹಿಡಿದಿದೆ. ಚೆಂದಕ್ಕೆ ಸೋಗೆ, ಅನುಕೂಲಕ್ಕೆ ಶೀಟು. ನಮ್ಮತ್ತೆ ಇವತ್ತಿಗೂ ಆ ಗೋಡೆಯನ್ನು ಪೆಟ್ರೋಲ್ ಬಂಕ್ ಅಂತಲೇ ಕರೆಯುವುದು.

ಕಿಟಕಿಗಳಲ್ಲಿ ರೇಟಿನ ಅಂತರ ದೊಡ್ಡದು. ನಮಗೆ ಬಂದ ಕೊಟೇಶನ್ನುಗಳಲ್ಲಿ ಯುಪಿವಿಸಿ ಚದರ ಅಡಿಗೆ 700ರ ಮೇಲೆ, ಪೌಡರ್ ಕೋಟಿಂಗ್ ಆದ ಅಲ್ಯುಮಿನಿಯಂ ಸ್ಲೈಡಿಂಗ್ 450ರ ಸುತ್ತ. ಆಚಾರ್ರ ಮರದ ಕಿಟಕಿಗೆ ಮರ ಮನೆಯದೇ ಆದ್ದರಿಂದ ಲೆಕ್ಕ ಹೊಂದುವುದಿಲ್ಲ. ಯುಪಿವಿಸಿ ಡೀಲರ್ ಕಳಿಸಿದವರು ಲೇಸರ್ ಹಿಡಿದು ಅಳೆದರು, ಫ್ರೇಮಿನ ಒಳಗಿನ ಕಬ್ಬಿಣದ ಪಟ್ಟಿ, ಗ್ಯಾಸ್ಕೆಟ್, ಎಲ್ಲ ವಿವರ ಕಾಗದದಲ್ಲಿ ಕೊಟ್ಟರು. ಬಾಗಿಲು ಮುಚ್ಚಿದರೆ ಮಳೆಯ ಸದ್ದೇ ಇಲ್ಲ. ಆರ್‌ಸಿಸಿ ಮಹಡಿಯಲ್ಲಿ ಅದಕ್ಕೆ ನೂರಕ್ಕೆ ತೊಂಬತ್ತು ಕೊಡುತ್ತೇನೆ. ಉಳಿದ ಹತ್ತು ಹೋಗಿದ್ದು ಪೇಂಟರಿಂದ. ನೀರು ಹೊರಹೋಗಲು ಫ್ರೇಮಿನ ಕೆಳಗಿದ್ದ ತೂತುಗಳಿಗೆ ಪುಟ್ಟಿ ಮೆತ್ತಿಬಿಟ್ಟಿದ್ದ, ಟ್ರ್ಯಾಕ್ ತುಂಬಿ ಒಳಗೆ ಚೆಲ್ಲಿತು. ಡೀಲರ್ ಕಡೆಯವರು ಬಂದು ಸೂಜಿಯಲ್ಲಿ ಬಿಡಿಸಿ ಹೋದರು, ದುಡ್ಡು ಕೇಳಲಿಲ್ಲ.

ಅದೇ ಡೀಲರನ್ನು ಹಳೇ ಭಾಗಕ್ಕೆ ಕರೆಸಿದಾಗ ಆಟ ಬದಲಾಯಿತು. ಮಣ್ಣಿನ ದಪ್ಪ ಗೋಡೆ, ನಾಲ್ಕು ಮೂಲೆಯಲ್ಲಿ ಒಂದೂ ಮಟ್ಟಕ್ಕಿಲ್ಲ. ಕಾರ್ಖಾನೆಯ ಫ್ರೇಮ್ ನೆಟ್ಟಗೆ ಚೌಕ. ಮಧ್ಯದ ಸಂದು ಒಂದು ಕಡೆ ಹೆಬ್ಬೆರಳಷ್ಟು, ಅದನ್ನು ಫೋಮ್ ತುಂಬಿ ಸಿಲಿಕೋನ್ ಎಳೆಯುತ್ತೇವೆ ಅಂದರು. ಮಣ್ಣಿನ ಗಾರೆಗೆ ಸಿಲಿಕೋನ್ ಎಷ್ಟು ದಿನ ಹಿಡಿದೀತು? ಆಚಾರ್ರಿಗೆ ಕೊಟ್ಟೆವು. ಅವರು ಗೋಡೆ ನೋಡಿ ಚೌಕಟ್ಟು ಮಾಡಿದರು, ಮೇಲೆ ಮಳೆ ತಡೆಗೆ ಹಲಗೆಯ ಸಣ್ಣ ಸೂರನ್ನೂ ಸೇರಿಸಿ. ಮಳೆಗಾಲದಲ್ಲಿ ಎರಡು ಬಾಗಿಲು ಉಬ್ಬಿ ಮುಚ್ಚಲು ಗುದ್ದಬೇಕು, ನೀರು ಮಾತ್ರ ಒಳಗೆ ಬಂದಿಲ್ಲ. ಕೆಳಗಿನ ಅಲ್ಯುಮಿನಿಯಂ ಕಿಟಕಿಗಳ ಬಗ್ಗೆ ದೂರೂ ಇಲ್ಲ, ಹೊಗಳಿಕೆಯೂ ಇಲ್ಲ. ಗಾಳಿಗೆ ಗಡಗಡ ಅನ್ನುತ್ತವೆ, ಅಷ್ಟೇ.

ಶೀಟು ಹಂಚಿಗೆ ಕೂಡುವ ಆ ಜಾಗ ಏನಾಯಿತು ಅಂತ ಹೇಳಲಿಲ್ಲ. ಮಳೆ ಕಳೆದ ಮೇಲೆ ಹಂಚಿನ ಮೇಸ್ತ್ರಿಯನ್ನೂ ವೆಲ್ಡಿಂಗ್ ಹುಡುಗನನ್ನೂ ಒಂದೇ ದಿನ ಕರೆಸಿ ಜೊತೆಗೇ ಹತ್ತಿಸಿದೆವು. ಒಬ್ಬರು ಎರಡು ಸಾಲು ಹಂಚು ಎತ್ತಿ ಹಿಡಿದರು, ಇನ್ನೊಬ್ಬ ಉದ್ದದ ತಗಡನ್ನು ಬಗ್ಗಿಸಿ ಹಂಚಿನ ಅಡಿಗೆ ಒಂದಡಿ ತೂರಿಸಿ, ಶೀಟಿನ ಮೇಲಕ್ಕೆ ಇಳಿಬಿಟ್ಟ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಿತು. ಇಡೀ ಟೆರೇಸಿನ ಖರ್ಚಿನ ಮುಂದೆ ಅದು ಚಿಲ್ಲರೆ ಕಾಸು, ಆದರೆ ಯಾರ ಕೊಟೇಶನ್ನಿನಲ್ಲೂ ಆ ಕೆಲಸ ಇರಲಿಲ್ಲ.

ಈ ವರ್ಷ ಬಚ್ಚಲುಮನೆಯ ಮಾಡು ಆಗಬೇಕಿದೆ. ಎರಡು ಕೊಟೇಶನ್ ಬಂದಿವೆ. ಒಂದರಲ್ಲಿ ಚದರ ಅಡಿ ರೇಟ್ ಮಾತ್ರ. ಇನ್ನೊಂದರಲ್ಲಿ, ಗೋಡೆಗೆ ಕೂಡುವ ಕಡೆ ತಗಡು ಇಷ್ಟು ಅಡಿ, ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆದು ಒಳಗೆ ಸೇರಿಸಿ ಸಿಮೆಂಟ್ ಮೆತ್ತುವುದು ಸೇರಿ ಅಂತ ಬರೆದಿದೆ. ನಾಲ್ಕು ಸಾವಿರ ಹೆಚ್ಚು. ಅಡ್ವಾನ್ಸ್ ಅವನಿಗೇ ಕೊಟ್ಟಿದ್ದೇವೆ, ಪುನರ್ವಸುವಿನ ಷರತ್ತಿಗೂ ಸಹಿ ಹಾಕಿಸಿಕೊಂಡು.