ಸಂಗೀತ ಪದವಿಯ ಕಿರುಪ್ರಬಂಧ: ಐದರಲ್ಲಿ ಮೂರು ಅಂಕ

ಮಡಿಕೇರಿ ಸಮೀಪದ ಶಾಲೆಯೊಂದರಲ್ಲಿ ನಾನು ಸಂಗೀತ ಶಿಕ್ಷಕಿ. ಸಂಗೀತ ಪದವಿಗೆ ಸೇರಬೇಕೆಂದಿರುವ ಇಲ್ಲಿನ ಮಕ್ಕಳು, ಕೊನೆಯ ವರ್ಷದ ಕಿರುಪ್ರಬಂಧದಿಂದ ಪಾಠ ಹೇಳುವವರಿಗೆ ಏನಾದರೂ ಉಪಯೋಗವಿದೆಯೇ ಎಂದು ಕೇಳುತ್ತಿರುತ್ತಾರೆ. ಆದ್ದರಿಂದ ನಾನು ಓದಿದ ಕಾಲೇಜಿನ (ಹೆಸರು ಬೇಡ) ಪದವಿಯಲ್ಲಿ ಆ ಭಾಗವನ್ನಷ್ಟೇ ಇಲ್ಲಿ ತೂಗಿ ನೋಡಿದ್ದೇನೆ.

ವಿಷಯ ಆರಿಸುವಲ್ಲೇ ಕಾಲೇಜು ಎಡವಿತು. ಮಾರ್ಗದರ್ಶಕರ ಪಟ್ಟಿಯಲ್ಲಿ 72 ಮೇಳಕರ್ತ (ಮೂಲ) ರಾಗಗಳ ವರ್ಗೀಕರಣ, ವಾಗ್ಗೇಯಕಾರರ ಜೀವನಚರಿತ್ರೆ ಇಂಥವೇ ಇದ್ದವು. ಗ್ರಂಥಾಲಯದ ನಾಲ್ಕು ಪುಸ್ತಕಗಳನ್ನು ಮುಂದಿಟ್ಟುಕೊಂಡರೆ ಹದಿನೈದು ದಿನಗಳಲ್ಲಿ ಮುಗಿಯುವಂಥವು. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಕೊಡವರು ಹಾಡುವ ದುಡಿಕೊಟ್ಟ್ ಪಾಟನ್ನು ಶಾಲಾ ಮಕ್ಕಳಿಗೆ ಕಲಿಸುವ ಬಗೆ ಎಂಬ ನನ್ನ ವಿಷಯಕ್ಕೆ ಒಪ್ಪಿಗೆ ಸಿಗಲು ಒಂದೂವರೆ ತಿಂಗಳು ಹಿಡಿಯಿತು.

ಆಮೇಲಿನ ಕೆಲಸಕ್ಕೆ ಮಾತ್ರ ಪೂರ್ಣ ಅಂಕ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಕೊಡವ ಜಾನಪದ ಸಂಗ್ರಹ ‘ಪಟ್ಟೋಲೆ ಪಳಮೆ’ಯಲ್ಲಿ ಹಾಡುಗಳ ಸಾಹಿತ್ಯ ಸಿಗುತ್ತದೆ, ಧಾಟಿಯನ್ನು ಹಾಡುವವರ ಬಾಯಿಂದಲೇ ಕೇಳಬೇಕು. ಹುತ್ತರಿಯ ಹೊತ್ತಿಗೆ ಹಿರಿಯರೊಬ್ಬರ ಮನೆಯ ಜಗಲಿಯಲ್ಲಿ ಕುಳಿತು, ದುಡಿ ಹಿಡಿದ ನಾಲ್ವರಲ್ಲಿ ಇಬ್ಬರು ಸಾಲನ್ನು ಹಾಡಿ ಬಿಟ್ಟೊಡನೆ ಉಳಿದಿಬ್ಬರು ಎತ್ತಿಕೊಳ್ಳುವುದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಸ್ವರ ಹಾಕಲು ಕುಳಿತಾಗ ಒಂದೇ ಸಾಲಿನ ಗಾಂಧಾರ ಪ್ರತಿ ಸಲವೂ ಕೂದಲೆಳೆಯಷ್ಟು ಜಾರುತ್ತಿತ್ತು. ‘ಗ’ ಎಂದು ಬರೆಯುವುದು, ಅಳಿಸುವುದು. ಕೊನೆಗೆ ಅಕ್ಷರದ ಪಕ್ಕ ಚಿಕ್ಕದೊಂದು ಬಾಣದ ಗುರುತು ಹಾಕಿದೆ. ಮೂರು ವರ್ಷಗಳ ಶಾಸ್ತ್ರಪಾಠ ಕಲಿಸದಷ್ಟು ಕಿವಿಯ ಪಾಠವನ್ನು ಆ ಬಾಣ ಕಲಿಸಿತು.

ತರಗತಿಯ ಪ್ರಯೋಗ ಇನ್ನೂ ಒಳ್ಳೆಯದಿತ್ತು. ಮಾಯಾಮಾಳವಗೌಳ ರಾಗದ ಸರಳೆಯನ್ನು (ಆರಂಭದ ಸ್ವರಾಭ್ಯಾಸ) ಎಲ್ಲರೂ ಒಟ್ಟಿಗೆ ಹಾಡುವಾಗ ಹಿಂದಿನ ಬೆಂಚಿನಲ್ಲಿ ತುಟಿ ಮಾತ್ರ ಆಡಿಸುತ್ತಿದ್ದ ಆರನೆಯ ತರಗತಿಯ ಮಕ್ಕಳು, ಇಬ್ಬಿಬ್ಬರಾಗಿ ಸಾಲನ್ನು ಎತ್ತಿಕೊಳ್ಳುವ ಸರದಿ ಬಂದಾಗ ದನಿ ತೆಗೆದು ಹಾಡಿದರು. ತಾವು ಹಾಡಬೇಕಾದದ್ದನ್ನು ಆಗಷ್ಟೇ ಕೇಳಿರುತ್ತಾರಲ್ಲ. ಆದರೆ ‘ಚೆನ್ನಾಗಿ ಹಾಡಿದರು’ ಎಂಬ ಒಂದೇ ಅಂಕಣದಲ್ಲಿ ಶ್ರುತಿಯನ್ನೂ ಧೈರ್ಯವನ್ನೂ ಬೆರೆಸಿ ಬರೆದಿದ್ದೆ. ಇದನ್ನು ಮಾರ್ಗದರ್ಶಕರು ತಿದ್ದಬೇಕಿತ್ತು; ನೌಕರಿಗೆ ಸೇರಿದ ಮೇಲೆ ನಾನೇ ಕಂಡುಕೊಂಡೆ.

ಮೌಖಿಕ ಪರೀಕ್ಷೆ ಹತ್ತು ನಿಮಿಷ ನಡೆಯಿತು. ಪುಟದ ಅಂಚಿನ ಅಳತೆಯ ಬಗ್ಗೆ ಎರಡು ಪ್ರಶ್ನೆ ಬಂದವು, ಮಕ್ಕಳ ಬಗ್ಗೆ ಒಂದೂ ಇಲ್ಲ; ಧ್ವನಿಮುದ್ರಣದ ಪೆನ್‌ಡ್ರೈವನ್ನು ಲಕೋಟೆಯಿಂದ ಹೊರಗೂ ತೆಗೆಯಲಿಲ್ಲ. ರೆಕ್ಸಿನ್ ಹೊದಿಕೆಗೆ ಚಿನ್ನದ ಬಣ್ಣದ ಅಕ್ಷರ ಮಾತ್ರ ಕಡ್ಡಾಯ.

ಸೇರುವವರು ಒಂದನ್ನು ಗಮನಿಸಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪದವಿ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರಿಗೆ ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧವಿದೆ. ಕರ್ನಾಟಕವಾದರೋ 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿದೆ. ಹಾಗಾಗಿ ಕಿರುಪ್ರಬಂಧ ಯಾವ ಸೆಮಿಸ್ಟರಿನಲ್ಲಿದೆ, ಅದಕ್ಕಾಗಿ ಶಾಲೆಗೆ ಹೋಗಲು ಬಿಡುತ್ತಾರೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಕೇಳಿಕೊಳ್ಳಿ.

ನನ್ನ ಪ್ರತಿಯ ಅನುಬಂಧದಲ್ಲಿದ್ದ ಸ್ವರಲಿಪಿಯ ಪುಟಗಳನ್ನು ಜೆರಾಕ್ಸ್ ಮಾಡಿಸಿ ಈಗಲೂ ತರಗತಿಗೆ ಒಯ್ಯುತ್ತೇನೆ. ಬಾಣ ಯಾಕೆ ಟೀಚರ್ ಎಂದು ಯಾರಾದರೂ ಕೇಳಿದರೆ ಜಗಲಿಯ ಆ ಧ್ವನಿಮುದ್ರಣವನ್ನೇ ಹಾಕಿ ಕೇಳಿಸುತ್ತೇನೆ.