ಕಲಬುರಗಿಯ ಸಹಕಾರ ಸಂಘದಲ್ಲಿ ಮನೆ ಸಾಲ: ಸದಸ್ಯನೊಬ್ಬನ ವಿಮರ್ಶೆ

ಸೇಡಂ ರಸ್ತೆಯ ಕಡೆ ಮನೆ ಕಟ್ಟಿಸಲು ನಾನು ಸಾಲ ಪಡೆದದ್ದು ಬ್ಯಾಂಕಿನಿಂದಲ್ಲ, ನಮ್ಮ ತಂದೆಯವರ ಕಾಲದಿಂದ ನಾವು ಷೇರು ಹೊಂದಿರುವ ಇಲ್ಲಿಯದೇ ಒಂದು ಪತ್ತಿನ ಸಹಕಾರ ಸಂಘದಿಂದ. ಆ ಸೇವೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಬುನಾದಿಯ ಹಂತದಲ್ಲಿ ಅವರು ತೋರಿದ ತಿಳಿವಳಿಕೆ. ನಮ್ಮದು ಎರೆಭೂಮಿ; ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣನ್ನು ತೆಗೆದು ಗಟ್ಟಿ ಗರಸು ಸಿಗುವವರೆಗೆ ಇಳಿಯದಿದ್ದರೆ ಮುಂದೆ ಗೋಡೆಗಳು ಸೀಳುತ್ತವೆ, ಆದ್ದರಿಂದ ನೆಲದ ಮೇಲೆ ಒಂದು ಕಲ್ಲೂ ಕಾಣುವ ಮೊದಲೇ ಬಹಳಷ್ಟು ಹಣ ಗುಂಡಿಗೆ ಸೇರಿರುತ್ತದೆ. ಸ್ಥಳ ನೋಡಲು ಬಂದ ನಿರ್ದೇಶಕರು ತಾವೂ ಇದೇ ಮಣ್ಣಿನಲ್ಲಿ ಮನೆ ಕಟ್ಟಿಸಿದವರಾದ್ದರಿಂದ, ಹೆಚ್ಚು ವಿವರಣೆ ಕೇಳದೆ ಮೊದಲ ಹಂತದ ಹಣವನ್ನು ಹೆಚ್ಚಿಸಿಕೊಟ್ಟರು.

ಠೇವಣಿ ಇಡುವವರೂ ಸಾಲ ಪಡೆಯುವವರೂ ಸದಸ್ಯರೇ ಆಗಿರುವ ಈ ಪದ್ಧತಿಗೆ ದೀರ್ಘ ಇತಿಹಾಸವಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1775ರಲ್ಲಿ ಹುಟ್ಟಿದ ಕೆಟ್ಲಿಯವರ ಸಂಘದಂಥವುಗಳಲ್ಲಿ ಸದಸ್ಯರು ತಿಂಗಳು ತಿಂಗಳೂ ಹಣ ಕೂಡಿಸಿ, ಎಲ್ಲರಿಗೂ ಮನೆಯಾದ ಮೇಲೆ ಸಂಘವನ್ನೇ ವಿಸರ್ಜಿಸುತ್ತಿದ್ದರು. ಹೊಸಬರನ್ನು ಸೇರಿಸಿಕೊಳ್ಳುತ್ತ ಶಾಶ್ವತವಾಗಿ ನಡೆಯುವ ಸಂಘಗಳು ಬಂದದ್ದು ಅನಂತರ. ಕನ್ನಡ ನಾಡಿನಲ್ಲಿ 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು, 1909ರಲ್ಲಿ ಬೆಂಗಳೂರಿನಲ್ಲಿ ಮನೆ ನಿರ್ಮಾಣಕ್ಕೆಂದೇ ಒಂದು ಸಹಕಾರ ಸಂಘ ಆರಂಭವಾಯಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಇಂದು ನಮ್ಮ ಸಂಘ ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಅಡಿಯಲ್ಲಿ. ಎಷ್ಟೇ ಷೇರು ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ನಿಯಮವನ್ನು ನಾನು ಬಹಳ ಗೌರವಿಸುತ್ತೇನೆ.

ಆದರೆ ಕೊರತೆಗಳನ್ನು ಮುಚ್ಚಿಡಲಾಗದು. ಆಡಳಿತ ಮಂಡಳಿಯ ಸಭೆ ಮುಂದೂಡಿದ್ದರಿಂದ ಸ್ಲ್ಯಾಬಿನ ಹಂತದ ಹಣ ಒಂದೂವರೆ ತಿಂಗಳು ತಡವಾಯಿತು, ಆ ಅವಧಿಯಲ್ಲಿ ಸೆಂಟ್ರಿಂಗ್ ಬಾಡಿಗೆಯನ್ನು ನಾನು ಸುಮ್ಮನೆ ಕಟ್ಟಬೇಕಾಯಿತು. ಸಾಲದ ಮೊತ್ತದಿಂದಲೇ ಷೇರು ಹಣ ಮುರಿದುಕೊಳ್ಳುವುದರಿಂದ ಕೈಗೆ ಬರುವುದು ಕಡಿಮೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಿರಬೇಕು. ಠೇವಣಿ ಇಡುವವರು ಇನ್ನೊಂದು ಸಂಗತಿ ಗಮನಿಸಬೇಕು: ಸಹಕಾರಿ ಬ್ಯಾಂಕುಗಳ ಠೇವಣಿಗಿರುವ 5 ಲಕ್ಷ ರೂಪಾಯಿವರೆಗಿನ ವಿಮೆ ಇಂಥ ಪತ್ತಿನ ಸಂಘಗಳಿಗೆ ಇರುವುದಿಲ್ಲ. ಹೀಗಾಗಿ ಲೆಕ್ಕಪರಿಶೋಧನಾ ವರದಿ ಓದುವುದು, ವಾರ್ಷಿಕ ಮಹಾಸಭೆಯಲ್ಲಿ ಊಟಕ್ಕೆ ಮೊದಲೇ ಹಾಜರಿದ್ದು ಪ್ರಶ್ನೆ ಕೇಳುವುದು ಸದಸ್ಯರದೇ ಹೊಣೆ.

ಸಾಲ ಬೇಕಾದವರಿಗೆ ಈ ಸಂಘವನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಹಂತದ ಹಣವನ್ನು ತಪಾಸಣೆಯಾದ ಹದಿನೈದು ದಿನದೊಳಗೆ ಬಿಡುಗಡೆ ಮಾಡಬೇಕೆಂಬ ಠರಾವನ್ನು ಬರುವ ಮಹಾಸಭೆಗೆ ಬರೆದು ಕೊಟ್ಟಿದ್ದೇನೆ.