ರೋಮ್ ಕಾಪಿ, ಐಪಿಎಸ್, ಬಿಪಿಎಸ್, ಗಿಟ್: ಮಾರಿಯೋ ತಿದ್ದುವವರಿಗೆ ಯಾವ ಬ್ಯಾಕಪ್?

ಸೂಪರ್ ಮಾರಿಯೋ ವರ್ಲ್ಡ್ ಎಂಬ ಹಳೆಯ ವಿಡಿಯೋ ಗೇಮ್‌ನ ರೋಮ್ (ಆಟದ ಫೈಲು) ತಿದ್ದುವಾಗ ಬ್ಯಾಕಪ್‌ಗೆ ನನ್ನ ಓಟು ಬಿಪಿಎಸ್ ಪ್ಯಾಚ್‌ಗೇ (ಮೂಲಕ್ಕೂ ತಿದ್ದಿದ್ದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಇಡುವ ಫೈಲು), ಅದೂ ಫ್ಲಿಪ್ಸ್ ಎಂಬ ಟೂಲ್‌ನಲ್ಲಿ ಮಾಡಿದ್ದಕ್ಕೆ. ಉಳಿದ ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುವ ಮಾತಿದು.

ಇಡೀ ರೋಮ್ ಕಾಪಿ ಮಾಡಿಡುವುದು ಸುಲಭ. ಜಾಗದ ಚಿಂತೆಯೂ ಇಲ್ಲ, ಹೊಸದನ್ನು ಸೇರಿಸಲು ಹಿಗ್ಗಿಸಿದ ರೋಮ್ ಸಾಮಾನ್ಯವಾಗಿ 4 ಎಂಬಿ ದಾಟುವುದಿಲ್ಲ. ಆದರೆ ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಇವುಗಳಲ್ಲಿ ಯಾವುದು ನೆಟ್ಟಗಿದೆ ಎಂದು ಹೆಸರು ನೋಡಿ ತಿಳಿಯುವುದಿಲ್ಲ. ಅಗ್ಗದ ಪೆನ್‌ಡ್ರೈವ್‌ನಲ್ಲಿ ನಾಲ್ಕು ಬೈಟ್ ಕೆಟ್ಟರೂ ಆಟ ಶುರುವಾಗಬಹುದು. ಮುಂದೆ ಯಾವುದೋ ಲೆವೆಲ್‌ನಲ್ಲಿ ಕೈಕೊಡುತ್ತದೆ.

ಐಪಿಎಸ್ ಎಂಬ ಇನ್ನೊಂದು ಬಗೆಯ ಪ್ಯಾಚ್‌ನ ತಾಪತ್ರಯ ಹೆಡರ್. ಆಟ ನಕಲಿಸುವ ಹಳೆಯ ಕಾಪಿಯರ್ ಸಾಧನಗಳು ಎಸ್‌ಎನ್‌ಇಎಸ್ (ಈ ಮಾರಿಯೋ ಓಡುವ ಸೂಪರ್ ನಿಂಟೆಂಡೊ ಕನ್ಸೋಲ್) ರೋಮ್ ಮುಂದೆ 512 ಬೈಟ್ ಅಂಟಿಸುತ್ತಿದ್ದವು, ಆಟಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಐಪಿಎಸ್‌ಗೆ ಗೊತ್ತಿರುವುದು ‘ಇಂಥ ಜಾಗದಲ್ಲಿ ಇಂಥ ಬೈಟ್ ಬರೆ’ ಎಂಬುದಷ್ಟೇ. ಹೆಡರ್ ಇರುವ ರೋಮ್‌ನಿಂದ ಮಾಡಿದ ಪ್ಯಾಚನ್ನು ಹೆಡರ್ ಇಲ್ಲದ್ದಕ್ಕೆ ಹಾಕಿದರೆ ಪ್ರತಿ ಬೈಟೂ 512 ಸ್ಥಾನ ಆಚೆ ಬೀಳುತ್ತದೆ. ಎಚ್ಚರಿಕೆಯ ಒಂದು ಮಾತೂ ಬರುವುದಿಲ್ಲ. ಕಪ್ಪು ಪರದೆ, ಇಲ್ಲವೇ ಚೆಲ್ಲಾಪಿಲ್ಲಿಯಾದ ಚಿತ್ರ.

ಹೆಡರ್ ಇದೆಯೇ ಎಂದು ಪತ್ತೆ ಹಚ್ಚಲು ಫೈಲಿನ ಪ್ರಾಪರ್ಟೀಸ್ ತೆರೆದು ‘ಸೈಜ್’ ಸಾಲು ನೋಡ್ರಿ, ‘ಸೈಜ್ ಆನ್ ಡಿಸ್ಕ್’ ಅಲ್ಲ. ಅಮೆರಿಕ ಆವೃತ್ತಿಯ ಮೂಲ ರೋಮ್ 5,24,288 ಬೈಟ್ ಇದ್ದರೆ ಹೆಡರ್ ಇಲ್ಲ, 5,24,800 ಇದ್ದರೆ ಇದೆ. ಹಿಗ್ಗಿಸಿದ್ದಾದರೆ 1024ರಿಂದ ಭಾಗಿಸಿ; 512 ಶೇಷ ಉಳಿದರೆ ಹೆಡರ್ ಇದೆ ಎಂದರ್ಥ.

ಐಪಿಎಸ್‌ನ ವಿಳಾಸ 24 ಬಿಟ್, ಹಾಗಾಗಿ 16 ಎಂಬಿಯಾಚೆ ಅದು ಮುಟ್ಟುವುದಿಲ್ಲ. 32 ಎಂಬಿಯ ಜಿಬಿಎ (ಗೇಮ್ ಬಾಯ್ ಅಡ್ವಾನ್ಸ್) ಆಟಗಳಿಗೆ ಇದು ತೊಡಕು, ಮಾರಿಯೋಗೆ ಅಲ್ಲ.

ಬಿಪಿಎಸ್ ಫೈಲಿನ ಕೊನೆಯ 12 ಬೈಟ್‌ಗಳಲ್ಲಿ ಮೂರು ಸಿಆರ್‌ಸಿ32 (ಫೈಲ್ ಬದಲಾಗಿದೆಯೇ ಎಂದು ತೋರಿಸುವ ತಾಳೆ ಸಂಖ್ಯೆ) ಇರುತ್ತವೆ: ಮೂಲದ್ದು, ಬದಲಾದದ್ದು, ಪ್ಯಾಚ್‌ನದ್ದು. ಯಾವುದು ತಪ್ಪಿದರೂ ಫ್ಲಿಪ್ಸ್ ಅಲ್ಲೇ ತಕರಾರು ತೆಗೆಯುತ್ತದೆ. ಎಸ್‌ಎಂಸಿ (.smc) ರೋಮ್ ಫೈಲಿನ ಹೆಡರನ್ನು ತಾನೇ ಬದಿಗಿಟ್ಟು ಲೆಕ್ಕ ಹಾಕುತ್ತದೆ. ‘ಕ್ರಿಯೇಟ್ ಪ್ಯಾಚ್’ ಒತ್ತಿ ಮೊದಲು ಮೂಲ ರೋಮ್, ಆಮೇಲೆ ತಿದ್ದಿದ್ದು ಆರಿಸಿದರೆ ಮುಗಿಯಿತು. ಆದರೆ ಆಟವೇ ಕೆಟ್ಟಿದ್ದರೆ ಕೆಟ್ಟದ್ದನ್ನೇ ಜೋಪಾನ ಮಾಡುತ್ತದೆ; ಮೊದಲು ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನಲ್ಲೇ ಆಟ ಓಡಿಸುವ ಸಾಫ್ಟ್‌ವೇರ್) ಆಡಿ ನೋಡಬೇಕು.

ಹಲವು ಟೂಲ್ ಒಟ್ಟಿಗೆ ಬಳಸುವಾಗ ಬಿಪಿಎಸ್‌ಗೂ ಒಂದು ಮಿತಿಯಿದೆ. ಒಂದೇ ಮೂಲಕ್ಕೆ ಮಾಡಿದ ಎರಡು ಬಿಪಿಎಸ್‌ಗಳನ್ನು ಒಂದರ ಮೇಲೊಂದು ಹಾಕಲು ಬರುವುದಿಲ್ಲ, ಮೊದಲನೆಯದು ಬಿದ್ದೊಡನೆ ಮೂಲದ ಸಿಆರ್‌ಸಿ ಬದಲಾಗಿರುತ್ತದೆ. ಐಪಿಎಸ್ ಹಾಕಿಸಿಕೊಳ್ಳುತ್ತದೆ, ಆದರೆ ಇನ್ನೊಂದರ ಕೋಡ್ ಮೇಲೆಯೇ ಬರೆದುಬಿಡಬಹುದು. ಬೆರೆಸುವುದಿದ್ದರೆ ಅಸೆಂಬ್ಲಿ ಪ್ಯಾಚ್ (ಕೋಡ್ ರೂಪದಲ್ಲಿರುವ ಬದಲಾವಣೆ) ತಂದು, ಅದನ್ನು ರೋಮ್‌ಗೆ ಸೇರಿಸುವ ಅಸಾರ್ ಎಂಬ ಟೂಲ್‌ನಲ್ಲಿ ಹಾಕಿ. ಅದು ಖಾಲಿ ಜಾಗ ಹುಡುಕಿ, ‘ಸ್ಟಾರ್’ ಎಂದು ಶುರುವಾಗುವ 8 ಬೈಟ್‌ನ ಗುರುತು ಹಾಕುತ್ತದೆ. ಲೆವೆಲ್ ತಿದ್ದುವ ಎಡಿಟರ್ ಲೂನಾರ್ ಮ್ಯಾಜಿಕ್ ಆ ಜಾಗಕ್ಕೆ ಕೈಹಾಕುವುದಿಲ್ಲ.

ಮೊದಲು ಲೂನಾರ್ ಮ್ಯಾಜಿಕ್‌ನಲ್ಲಿ ರೋಮ್ ಹಿಗ್ಗಿಸಿ, ಒಂದು ಲೆವೆಲ್ ಸೇವ್ ಮಾಡಿ. ನಂತರ ಪಿಕ್ಸಿ (ಹೊಸ ಸ್ಪ್ರೈಟ್, ಅಂದರೆ ಶತ್ರು-ವಸ್ತುಗಳನ್ನು ಸೇರಿಸುವ ಟೂಲ್), ಆಡ್‌ಮ್ಯೂಸಿಕ್‌ಕೆ (ಸಂಗೀತ ಸೇರಿಸುವ ಟೂಲ್) ಮುಂತಾದವು, ಪ್ರತಿಯೊಂದರ ನಂತರ ‘03-ಪಿಕ್ಸಿ’ ಥರದ ಹೆಸರಿನಲ್ಲಿ ಹೊಸ ಬಿಪಿಎಸ್. ಎರಡು ಟೂಲ್‌ಗಳಲ್ಲಿ ಒಂದೇ ರೋಮ್ ಏಕಕಾಲಕ್ಕೆ ತೆರೆದಿಡಬೇಡಿ. ಇಡೀ ಫೈಲನ್ನು ಮೆಮೊರಿಯಲ್ಲಿಟ್ಟುಕೊಳ್ಳುವ ಎಡಿಟರ್ ಸೇವ್ ಮಾಡಿದಾಗ ಹಳೆಯ ಬೈಟ್‌ಗಳನ್ನೇ ವಾಪಸ್ ಬರೆಯುತ್ತದೆ.

ಇನ್ನು ಗಿಟ್, ಫೈಲಿನ ಪ್ರತಿ ಬದಲಾವಣೆಯ ಇತಿಹಾಸ ಇಡುವ ಟೂಲ್, ಅಸೆಂಬ್ಲಿ ಫೈಲುಗಳಿಗೆ ಚಿನ್ನ, ರೋಮ್‌ಗೆ ದಂಡ.

ಹುಬ್ಬಳ್ಳಿಯಲ್ಲಿ ನನ್ನದು ಯುಪಿಎಸ್ ಇಲ್ಲದ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ ಒಂದೆರಡು ತಾಸಿನ ಕೆಲಸ. ಲೂನಾರ್ ಮ್ಯಾಜಿಕ್ ನೇರ ರೋಮ್‌ಗೇ ಬರೆಯುವಾಗ ಕರೆಂಟ್ ಹೋದರೆ ಹಿಂದಿನ ಹೆಜ್ಜೆಗೆ ಮರಳಲು, ಆ ಮೊಬೈಲ್ ಡೇಟಾದಲ್ಲೇ ಗೂಗಲ್ ಡ್ರೈವ್‌ಗೆ ಏರಿಸಲು ಚಿಕ್ಕ ಬಿಪಿಎಸ್ ಸಾಕು, ಖರ್ಚೂ ಸೊನ್ನೆ. ಮೂಲ ರೋಮ್ ಮಾತ್ರ ರೀಡ್-ಓನ್ಲಿ ಮಾಡಿ ಎರಡು ಕಡೆ ಇಟ್ಟುಕೊಳ್ಳಿ. ಅದಿಲ್ಲದೆ ಒಂದು ಬಿಪಿಎಸ್ಸೂ ತೆರೆಯುವುದಿಲ್ಲ.